ಬಳೆ ಕಳಚಿಟ್ಟ ಶನಿ

ಮಾತು ಆಡಿದರೆ ಹೋಯಿತು, ಮಸೂರ ಮುಳುಗಿದರೆ ಹೋಯಿತು. ಗಾದೆಯಲ್ಲಿರುವುದು ಮುತ್ತು, ಅದು ಒಡೆಯುತ್ತದೆಯೇ ಹೊರತು ಮುಳುಗುವುದಿಲ್ಲ ಎಂದು ತಿದ್ದಲು ಬರುವವರು ಕೊಂಚ ತಾಳಬೇಕು. ಈ ಕಥೆಯಲ್ಲಿ ಮುತ್ತಿಲ್ಲ. ಇರುವುದು ಒಂದು ಮಸೂರ. ಅದು ಮುಳುಗಿದ್ದು ನಿಜ, ಅದನ್ನು ಮುಳುಗಿಸಿದ್ದು ಒಂದು ಮಾತು ಎನ್ನುವುದೂ ನಿಜ. ದ ಹೇಗ್ ಪಕ್ಕದ ಫೋರ್‌ಬರ್ಗ್ ಊರಿನಲ್ಲಿ, ಫ್ಲೀಟ್ ಕಾಲುವೆಯ ದಂಡೆಯಲ್ಲಿ, ಎರಡು ಸಾವಿರದ ಇಪ್ಪತ್ತೈದರ ನವೆಂಬರಿನಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಸುಳ್ಳಾಡಿದರೆ ಶನಿ ಹೆಗಲೇರಲಿ.

ಆ ಮಾತನ್ನು ಆಡಿದವನು ಶ್ರೀಜಿತ್. ಮಂಗಳೂರಿನ ಹುಡುಗ, ಮೂವತ್ತೊಂದು ವಯಸ್ಸು, ಮದುವೆಯಿಲ್ಲ, ದ ಹೇಗಿನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ಅವನ ಗಂಟಲಲ್ಲಿ ಅರ್ಧ ಊರೇ ಬಾಡಿಗೆಗಿತ್ತು. ಟ್ರಾಮಿನಲ್ಲಿ ಮುಂದಿನ ನಿಲ್ದಾಣ ಹೇಳುವ ಹೆಂಗಸು, ಕನ್ನಡ ಕೂಟದ ಅಧ್ಯಕ್ಷರ ಸ್ವಾಗತ ಭಾಷಣ, ಮೇಲಧಿಕಾರಿಯ ಆಕಳಿಕೆ, ಎಲ್ಲವೂ ಕರೆದಾಗ ಬರುತ್ತಿದ್ದವು. ಕರೆದರೂ ಬಾರದೆ ಇದ್ದದ್ದು ಅವನ ಸ್ವಂತ ದನಿ ಮಾತ್ರ. ಏನಾದರೂ ಮನಸ್ಸಿನ ಮಾತು ಹೇಳಬೇಕಾದರೆ ಅವನು ಯಾರದೋ ದನಿಯ ಅಂಗಿ ತೊಟ್ಟುಕೊಂಡೇ ಹೇಳುತ್ತಿದ್ದ.

ಶನಿವಾರ ಸಂಜೆಗಳಲ್ಲಿ ಅವನು ಸೈಕಲ್ ತುಳಿದುಕೊಂಡು ಫೋರ್‌ಬರ್ಗಿಗೆ ಬರುತ್ತಿದ್ದ. ಅಲ್ಲಿ ತ್ಯಾಗರಾಜರು ಮತ್ತು ಅವರ ಹೆಂಡತಿ ಸರಳಾ ಇದ್ದರು. ಮೈಸೂರಿನ ದಂಪತಿ, ಮಕ್ಕಳಿಲ್ಲ. ತ್ಯಾಗರಾಜರು ನೈಮೆಗನ್ನಿನ ಒಂದು ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವರು. ಆ ವರ್ಷದ ಏಪ್ರಿಲಿನಲ್ಲಿ ದಿಢೀರನೆ ಕೆಲಸ ಬಿಟ್ಟಿದ್ದರು. ಯಾಕೆಂದು ಕೇಳಿದವರಿಗೆ, "ಚಿಕ್ಕದನ್ನ ನೋಡಿ ಸಾಕಾಯ್ತು, ಇನ್ನು ದೊಡ್ಡದನ್ನ ನೋಡೋಣ ಅಂತ" ಎನ್ನುತ್ತಿದ್ದರು. ಶ್ರೀಜಿತ್ ಅದನ್ನು ತಮಾಷೆ ಎಂದುಕೊಂಡಿದ್ದ.

ದೊಡ್ಡದು ಎಂದರೆ ಶನಿ. ಅದಕ್ಕೆ ಕಾರಣ ಅವರ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿ, ರೈಲು ನಿಲ್ದಾಣದ ಮಗ್ಗುಲಲ್ಲಿ, ನೀರಿನ ನಡುವೆ ನಿಂತಿರುವ ಒಂದು ಹಳೆಯ ಇಟ್ಟಿಗೆ ಮನೆ. ಹೋಫ್‌ವೈಕ್ ಎಂದು ಅದರ ಹೆಸರು, ಈಗ ವಸ್ತುಸಂಗ್ರಹಾಲಯ. ಮುನ್ನೂರೈವತ್ತು ವರ್ಷದ ಕೆಳಗೆ ಅಲ್ಲಿ ಓಡಾಡಿಕೊಂಡಿದ್ದ ಕ್ರಿಸ್ಟಿಯಾನ್ ಹೈಗೆನ್ಸ್ ಎಂಬ ಖಗೋಳಜ್ಞನನ್ನು ತ್ಯಾಗರಾಜರು ಪಕ್ಕದ ಮನೆಯವರ ಹಾಗೆ "ನಮ್ಮ ಹೈಗೆನ್ಸ್ ರಾಯರು" ಎನ್ನುತ್ತಿದ್ದರು.

"ಅಂಗಡೀಲಿ ಒಳ್ಳೇ ಗಾಜು ಸಿಗ್ತಿರ್ಲಿಲ್ಲ ಕಣಯ್ಯಾ," ಎಂದು ಹೇಳುವರು. "ಅಣ್ಣ ತಮ್ಮ ಇಬ್ರೂ ಕೂತು ತಾವೇ ಉಜ್ಜಿದ್ರು. ದೊಡ್ಡ ಮನೆತನ, ಅಪ್ಪನಿಗೆ ಅರಮನೇಲಿ ಹುದ್ದೆ. ಮಕ್ಕಳ ಕೈಯಲ್ಲಿ ನೋಡಿದ್ರೆ ಮರಳು! ಆ ಗಾಜಿಂದ ಸಾವಿರದ ಆರುನೂರ ಐವತ್ತೈದು, ಮಾರ್ಚ್ ಇಪ್ಪತ್ತೈದು, ಶನಿ ಪಕ್ಕ ಒಂದು ಚುಕ್ಕಿ ಕಂಡ. ದಿನಾ ನೋಡಿದ. ಹದಿನಾರು ದಿನಕ್ಕೊಂದು ಸುತ್ತು. ಶನಿಗೂ ಒಬ್ಬ ಚಂದ್ರ ಇದಾನೆ! ಅವತ್ತಿನವರೆಗೂ ಅದನ್ನ ಯಾರೂ ಗುರುತು ಹಿಡಿದಿರ್ಲಿಲ್ಲ. ಆಗ ಅವನಿಗೆ ಇನ್ನೂ ಇಪ್ಪತ್ತಾರು ತುಂಬಿರ್ಲಿಲ್ಲ."

"ಶನಿ ಸುತ್ತ ಇರೋ ಬಳೆ ಕಂಡದ್ದೂ ಅವನೇ ಅಲ್ವಾ ಸರ್?"

"ಬಳೆ ಅಂತ ಮೊದಲು ಹೇಳಿದ್ದು ಅವನೇ. ಅದು ಬೇರೆ ಕಥೆ. ಇನ್ನೊಂದಿನ ಹೇಳ್ತೀನಿ."

ಆ ಹೈಗೆನ್ಸನ ಅಳತೆಯಲ್ಲೇ ಒಂದು ಮಸೂರವನ್ನು ತ್ಯಾಗರಾಜರು ತಮ್ಮ ಕೈಯಾರೆ ಉಜ್ಜುತ್ತಿದ್ದರು. ಅಂಗೈಯ ಗುಳಿಯಲ್ಲಿ ಕೂರುವಷ್ಟು ಗಾಜು. ಬೆಳಕನ್ನು ಕೂಡಿಸಲು ಅದಕ್ಕೆ ಹನ್ನೊಂದು ಅಡಿ ದೂರ ಬೇಕು. ಅಷ್ಟುದ್ದದ ಕೊಳವೆಯ ಗೋಜೇ ಬೇಡವೆಂದು ಹೈಗೆನ್ಸ್ ಮುಂದೆ ಒಂದು ಉಪಾಯ ಕಂಡುಕೊಂಡಿದ್ದ: ಗಾಜನ್ನು ಎತ್ತರದ ಕಂಬಕ್ಕೆ ಸಿಕ್ಕಿಸಿ, ಕಣ್ಣಿಗೆ ಹಿಡಿಯುವ ಚಿಕ್ಕ ಗಾಜನ್ನು ಕೆಳಗೆ ಕೈಯಲ್ಲಿ ಹಿಡಿದು, ಎರಡರ ನಡುವೆ ಒಂದು ದಾರ ಬಿಗಿಯುವುದು. ದಾರ ನೆಟ್ಟಗಿದ್ದರೆ ಗಾಜುಗಳೂ ನೆಟ್ಟಗೆ. ತ್ಯಾಗರಾಜರದೂ ಅದೇ ಏರ್ಪಾಡು. ಏಳು ತಿಂಗಳು ಅಡುಗೆಮನೆಯ ಮೇಜಿನ ಮೇಲೆ ಗಾಜು ಸವೆಸುವ ಕುರುಂದದ ಪುಡಿ, ನೀರು, ಕರಕರ ಸದ್ದು. ಗಾಜಿಗೆ ಕಟ್ಟು ಹಾಕುವ ದಿನ ಹಿತ್ತಾಳೆ ಬಿಟ್ಟು ಕಬ್ಬಿಣದ ಬಳೆಯನ್ನೇ ಆರಿಸಿ, ಅದಕ್ಕೆ ಕರಿ ಬಣ್ಣ ಬಳಿದಿದ್ದರು. ಅದು ಸರಳಾಗೋಸ್ಕರ.

ಸರಳಾಗೆ ಶನಿ ಬೇರೆಯೇ. ತ್ಯಾಗರಾಜರದು ಮೀನ ರಾಶಿ, ಶನಿ ಬಂದು ಕೂತಿದ್ದೂ ಮೀನದಲ್ಲೇ. ಸಾಡೇಸಾತಿಯ ನಡುಮಧ್ಯೆ ಗಂಡ ಆ ಗ್ರಹವನ್ನೇ ಇಣುಕಿ ನೋಡಲು ಹೊರಟಿದ್ದು ಆಕೆಗೆ ಸರಿಬಂದಿರಲಿಲ್ಲ. ದೇವಸ್ಥಾನದಲ್ಲೂ ಶನಿಯ ಎದುರು ನೆಟ್ಟಗೆ ನಿಲ್ಲದೆ ಓರೆಯಾಗಿ ನಿಂತು ಕೈಮುಗಿಯುವ ಮನೆತನ ಆಕೆಯದು. ವಾರವಾರವೂ ಎಳ್ಳುದೀಪ ಹಚ್ಚುತ್ತಿದ್ದರು. "ಶನಿಗೆ ಕಬ್ಬಿಣ ಪ್ರೀತಿ ಅಂತೀಯಲ್ಲ, ತಗೋ, ಅವನಿಗೆ ಲಂಚ" ಎಂದು ತ್ಯಾಗರಾಜರು ಆ ಬಳೆಯನ್ನು ತೋರಿಸಿದ ದಿನ ಮಾತ್ರ ಸ್ವಲ್ಪ ನಕ್ಕಿದ್ದರು.

ಆಕೆಯ ಧೈರ್ಯವೆಲ್ಲ ಮೈಸೂರಿನ ನಾರಾಯಣಸ್ವಾಮಿ ಜೋಯಿಸರಲ್ಲಿ. ತಿಂಗಳಿಗೊಮ್ಮೆ ಫೋನಿನ ಸ್ಪೀಕರಿನಲ್ಲಿ ಅವರ ದನಿ ಮನೆ ತುಂಬುತ್ತಿತ್ತು: ಎರಡು ಸಲ ಗಂಟಲು ಕೆರೆಯುವುದು, ನಶ್ಯದ ಒಂದು ಸೀನು, ಆಮೇಲೆ ಎಳೆದೆಳೆದು "ಹಾಂ... ತಾಯೀ..." ಶ್ರೀಜಿತನ ಗಂಟಲಿಗೆ ಇಂಥ ಬಾಡಿಗೆದಾರ ಸಿಕ್ಕರೆ ಬಿಟ್ಟಾನೆಯೇ?

ನವೆಂಬರಿನ ನಾಲ್ಕನೆಯ ಶನಿವಾರ, ಮಧ್ಯಾಹ್ನ, ಅವನಿಗೆ ಎಳ್ಳುಂಡೆ ತಿನ್ನುವ ಆಸೆಯಾಯಿತು. ನಂಬರ್ ಮರೆಮಾಡಿ ಅವರ ಲ್ಯಾಂಡ್‌ಲೈನಿಗೆ ಫೋನ್ ಮಾಡಿದ. ಕೆರೆದ, ಕೆರೆದ, ಸೀನಿದ.

"ಹಾಂ... ತಾಯೀ... ಕ್ಷೇಮವೇ?"

"ಅಯ್ಯೋ ಜೋಯಿಸರೇ! ನೀವಾಗೇ ಮಾಡಿದ್ರಲ್ಲ! ಏನು ವಿಶೇಷ?"

"ಪಂಚಾಂಗ ತಿರುವಿ ಹಾಕ್ತಿದ್ದೆ. ಯಜಮಾನರ ಜಾತಕದ ಮೇಲೆ ಕಣ್ಣು ಹೋಯ್ತು. ದೀಪ ಒಂದೇ ಸಾಲದು ತಾಯೀ, ದಾನ ಆಗ್ಬೇಕು. ಇವತ್ತೇ. ಎಳ್ಳುಂಡೆ ಕಟ್ಟಿ, ಹನ್ನೊಂದು. ಪಡುವಣ ದಿಕ್ಕಿಂದ ಎರಡು ಚಕ್ರದ ವಾಹನದಲ್ಲಿ ಒಬ್ಬ ಬ್ರಹ್ಮಚಾರಿ ಬರ್ತಾನೆ. ಅವನ ಕೈಗೆ ಕೊಡಿ."

ಅಷ್ಟಕ್ಕೇ ನಿಲ್ಲಿಸಿದ್ದರೆ ಹನ್ನೊಂದು ಉಂಡೆಗೆ ಕಥೆ ಮುಗಿಯುತ್ತಿತ್ತು. ಆದರೆ ದನಿ ಚೆನ್ನಾಗಿ ಕೂತಾಗ ಅದನ್ನು ಇಳಿಸಲು ಯಾವ ಮಿಮಿಕ್ರಿಯವನಿಗೂ ಮನಸ್ಸು ಬರುವುದಿಲ್ಲ.

"ಮತ್ತೆ... ಮನೆಗೆ ಹೊಸದಾಗಿ ಕಬ್ಬಿಣ ಏನಾದ್ರೂ ಬಂದಿದ್ಯೋ?"

"ಬಂದಿದೆ," ಎಂದರು ಸರಳಾ.

ಮೊಳೆಯೋ ಚಿಲಕವೋ ಇರಬೇಕು ಎಂದುಕೊಂಡ ಶ್ರೀಜಿತ್. "ಅದನ್ನ ಎಳ್ಳಿನ ಜೊತೆ ಕರಿ ಬಟ್ಟೇಲಿ ಕಟ್ಟಿ, ಸೂರ್ಯ ಮುಳುಗೋದ್ರೊಳಗೆ ನೀರಿಗೆ ಬಿಟ್ಬಿಡಿ."

"ಜೋಯಿಸರೇ, ಗುರುವಾರ ಇವರು ಶನೀನ ನೆಟ್ಟಗೆ ನೋಡ್ತಾರಂತೆ. ಅದೇನೋ ಶನಿಯ ಚಂದ್ರ ಅವತ್ತು ಶನಿಯಿಂದ ದೂರ ಸರಿದಿರುತ್ತಂತೆ, ಚೆನ್ನಾಗಿ ಕಾಣುತ್ತಂತೆ. ನೋಡ್ಬಹುದಾ?"

"ನೆಟ್ಟಗೆ ನೋಡೋದೇ! ಕೋಪ ಬಂದ್ರೆ ಅವನು ಬಳೆ ಕಳಚಿಟ್ಟು ಕೂತ್ಬಿಡ್ತಾನೆ ತಾಯೀ. ತೋರಿಸೋದಿಲ್ಲ!" ಇಷ್ಟು ಹೇಳಿ, ನಗು ತಡೆಯಲಾರದೆ ಇನ್ನೊಂದು ಸೀನು ಸೀನಿದ.

ಸರಳಾ ಅಳತೊಡಗಿದ್ದರು.

"ಯಾರಿಗೂ ಹೇಳ್ಬೇಡ ಅಂದಿದಾರೆ, ನಿಮ್ಮ ಹತ್ರ ಮುಚ್ಚಿಡಲ್ಲ. ಇವರ ಎಡಗಣ್ಣು ಹೋಗಿ ಎರಡು ವರ್ಷ ಆಯ್ತು ಜೋಯಿಸರೇ. ಕಣ್ಣಿನ ಒತ್ತಡ. ಈಗ ಬಲಗಣ್ಣೂ ಅಂಚಿಂದ ಮುಚ್ಕೊಂಡು ಬರ್ತಿದೆ. ಈ ಚಳಿಗಾಲ ಕಳೆದ್ರೆ ನಕ್ಷತ್ರ ಕಾಣೋದು ಅನುಮಾನ ಅಂದ್ರು ಡಾಕ್ಟರು. ಅಂಗಡಿ ಟೆಲಿಸ್ಕೋಪಲ್ಲಿ ನೋಡಿ ಅಂದ್ರೆ ಕೇಳಲ್ಲ. ನನ್ನ ಗಾಜಲ್ಲಿ, ನನ್ನ ಕಣ್ಣಲ್ಲಿ, ಒಂದೇ ಒಂದ್ಸಲ ಅಂತಾರೆ. ಆ ಕಣ್ಣು ಉಳಿಯೋದಾದ್ರೆ ನಾನು ಏನು ಬೇಕಾದ್ರೂ ಮಾಡ್ತೀನಿ. ಹೇಳಿ, ಉಳಿಯುತ್ತಾ?"

ಆ ಗಳಿಗೆ "ಸರಳಕ್ಕ, ಇದು ನಾನು" ಎಂದು ಮೂರು ಪದ ಹೇಳಿದ್ದರೆ ಸಾಕಿತ್ತು. ಸ್ವಂತ ದನಿ ಬರಲಿಲ್ಲ. ಜೋಯಿಸರ ದನಿಯೇ "ಶುಭವಾಗುತ್ತೆ ತಾಯೀ" ಎಂದು ತೊದಲಿ ಫೋನ್ ಇಟ್ಟಿತು.

ಸಂಜೆ ಏಳಕ್ಕೆ ಅವನು ಹೋದ. ಹೋಗದೆ ಇರಲು ಧೈರ್ಯ ಸಾಲಲಿಲ್ಲ. ಬಾಗಿಲು ತೆರೆದದ್ದು ಸರಳಾ, ಕೈಯಲ್ಲಿ ಸ್ಟೀಲ್ ಡಬ್ಬಿ. ಅವನ ಹಿಂದೆ ಗೋಡೆಗೆ ಒರಗಿದ್ದ ಸೈಕಲನ್ನು ನೋಡಿದರು, ಅವನನ್ನು ನೋಡಿದರು.

"ನೀನೇ ಏನಪ್ಪಾ ಬಂದಿದ್ದು... ಒಳ್ಳೇದಾಯ್ತು. ತಗೋ. ತಿನ್ನು."

ಒಳಗೆ ಅಡುಗೆಮನೆಯ ನೆಲದ ಮೇಲೆ ತ್ಯಾಗರಾಜರು ಮಂಡಿಯೂರಿ, ಅಂಗೈ ಬಿಡಿಸಿ, ಮೇಜಿನ ಕೆಳಗೆ ಅಂಗುಲ ಅಂಗುಲವಾಗಿ ಸವರುತ್ತಿದ್ದರು.

"ಎಂತ ಹುಡುಕ್ತಿದ್ದೀರಿ ಸರ್?"

"ಲೆನ್ಸ್ ಕಣಯ್ಯಾ. ಬೆಳಗ್ಗೆ ಇಲ್ಲೇ ಇಟ್ಟಿದ್ದೆ." ತಲೆ ಎತ್ತಲಿಲ್ಲ. "ಎದುರಿಗೇ ಇದ್ದು ನನಗೆ ಕಾಣ್ತಿಲ್ವೋ ಏನೋ. ಇಷ್ಟು ಬೇಗ ಆಗುತ್ತೆ ಅಂದ್ಕೊಂಡಿರ್ಲಿಲ್ಲ. ನೀನೊಂದ್ಸಲ ನೋಡು. ನಿನ್ನ ಕಣ್ಣು ಚೆನ್ನಾಗಿದೆ."

ಶ್ರೀಜಿತ್ ಬಾಯಿಯಲ್ಲಿಟ್ಟಿದ್ದ ಎಳ್ಳುಂಡೆ ಅಲ್ಲೇ ನಿಂತಿತು. ಕಬ್ಬಿಣ ಯಾವುದೆಂದು ಅವನಿಗೆ ಆಗ ಹೊಳೆಯಿತು.

"ರೀ, ಏಳಿ," ಎಂದರು ಸರಳಾ, ಬಾಗಿಲಲ್ಲೇ ನಿಂತು. "ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ನಾನೇ ಅದನ್ನ ಕಾಲುವೆಗೆ ಹಾಕಿದೆ. ಜೋಯಿಸರು ಹೇಳಿದ್ರು. ಕಣ್ಣು ಉಳಿಯುತ್ತೆ ಅಂತ..."

"ಜೋಯಿಸರಲ್ಲ." ಆ ಮನೆಯಲ್ಲಿ ಹಿಂದೆಂದೂ ಕೇಳದಿದ್ದ ಒಂದು ದನಿ. ಸಣ್ಣಗೆ, ಒಡಕಲಾಗಿ. ಶ್ರೀಜಿತನಿಗೇ ಅದರ ಪರಿಚಯ ಹತ್ತಲು ಒಂದು ನಿಮಿಷ ಬೇಕಾಯಿತು. "ಅದು ನಾನು ಸರಳಕ್ಕ. ಫೋನ್ ಮಾಡಿದ್ದು ನಾನೇ. ಎಳ್ಳುಂಡೆ ಆಸೆಗೆ."

ಸರಳಾ ಗೋಡೆ ಹಿಡಿದುಕೊಂಡು ಕುರ್ಚಿಗೆ ಬಂದು ಕೂತರು.

"ನಾನು ಅತ್ತಿದ್ದು ಕೇಳ್ತಾ ಇದ್ದೆ ಅಲ್ವಾ ನೀನು," ಎಂದರು. "ಕೇಳ್ತಾ ಇದ್ದು, ಶುಭವಾಗುತ್ತೆ ಅಂದೆ." ಆಮೇಲೆ ಅವನ ಜೊತೆ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತ್ಯಾಗರಾಜರು ಮೇಜಿನ ಅಂಚು ಹಿಡಿದು ಎದ್ದರು. ಹೆಂಡತಿಯನ್ನು ಕೇಳಿದ್ದು ಒಂದೇ ಮಾತು: "ಬಟ್ಟೇಲಿ ಗಟ್ಟಿಯಾಗಿ ಕಟ್ಟಿದ್ಯಾ?"

"ನಾಕು ಗಂಟು ಹಾಕಿದೀನಿ."

"ಯಾವ ಜಾಗ, ನೆನಪಿದೆಯಾ?"

"ಸೇತುವೆ ಮೆಟ್ಟಿಲ ಹತ್ರ. ಕೈಮುಗಿದು ಬಿಟ್ಟಿದ್ದು, ಎಸೀಲಿಲ್ಲ."

ಕಾಲುವೆಗೆ ಹಗ್ಗದಲ್ಲಿ ಅಯಸ್ಕಾಂತ ಇಳಿಬಿಟ್ಟು ಹಳೆಯ ಕಬ್ಬಿಣ ಎತ್ತುವುದು ಆ ನಾಡಿನವರಿಗೆ ಮೀನು ಹಿಡಿಯುವಂಥದೇ ಒಂದು ಹವ್ಯಾಸ. ಪಕ್ಕದ ಮನೆಯ ಮುದುಕರ ಹತ್ತಿರ ಅಂಥದೊಂದಿತ್ತು, ಮುಷ್ಟಿಗಿಂತ ದೊಡ್ಡದು. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಶ್ರೀಜಿತ್ ಅದನ್ನು ಹಿಡಿದು ಮೆಟ್ಟಿಲ ಮೇಲೆ ನಿಂತ. ಗಾಳಿ ಕಿವಿ ಕೊಯ್ಯುತ್ತಿತ್ತು. ಮೊದಲು ಸಿಕ್ಕಿದ್ದು ಸೈಕಲ್ಲಿನ ಹ್ಯಾಂಡಲ್. ಆಮೇಲೆ ಒಂದು ಬೀಗ. ಆಮೇಲೆ ಇಡೀ ಸೈಕಲ್ಲು, ಪಾಚಿಯ ಮದುವಣಿಗನ ಹಾಗೆ. ಬೇರೆ ದಿನವಾಗಿದ್ದರೆ ಅವನು ಆ ಸೈಕಲ್ಲಿಗೂ ಒಂದು ದನಿ ಕೊಡುತ್ತಿದ್ದ. ಅಂದು ಅದನ್ನು ಪಕ್ಕಕ್ಕಿಟ್ಟು ಮತ್ತೆ ಹಗ್ಗ ಇಳಿಬಿಟ್ಟ.

ತ್ಯಾಗರಾಜರು ಮಫ್ಲರ್ ಸುತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದರು. ನೀರಿನ ಗುಂಟ ಆಚೆಗೆ ಹೋಫ್‌ವೈಕಿನ ಮರಗಳು ಬೋಳಾಗಿ ಕಾಣುತ್ತಿದ್ದವು. ಅವರು ಮಾತಾಡಿದ್ದು ಗಂಟೆಯಾದ ಮೇಲೆ, ಅದೂ ನೀರನ್ನೇ ನೋಡುತ್ತಾ.

"ರಾಯರು ಕೊನೇಗಾಲ ಇಲ್ಲೇ ಕಳೆದ್ರು, ಗೊತ್ತಾ. ಪ್ಯಾರಿಸ್ಸಲ್ಲಿ ರಾಜನ ಹಣದಲ್ಲಿ ಇದ್ದವರು. ಗಡಿಯಾರಕ್ಕೆ ಲೋಲಕ ಕೊಟ್ಟವರು. ಮೈಯಲ್ಲಿ ಸರಿಯಿಲ್ಲ, ಮನಸ್ಸಲ್ಲೂ ಕತ್ತಲೆ. ತಿಂಗಳುಗಟ್ಟಲೆ ಹಾಸಿಗೆ. ವಾಪಸ್ ಬಂದ್ರು. ಮದ್ವೆಯಿಲ್ಲ, ಮಕ್ಕಳಿಲ್ಲ. ಅಪ್ಪ ಕಟ್ಟಿಸಿದ ಈ ಮನೇಲಿ ಒಬ್ರೇ ಕೂತು ಬೇರೆ ಗ್ರಹಗಳಲ್ಲೂ ಜನ ಇರಬಹುದಾ, ಅವರೂ ಆಕಾಶ ನೋಡ್ತಿರಬಹುದಾ ಅಂತ ಬರೀತಿದ್ರು. ಅದು ಅಚ್ಚಾಗೋದನ್ನ ನೋಡ್ಲಿಲ್ಲ."

ಶ್ರೀಜಿತ್ ಹಗ್ಗ ಎಳೆಯುತ್ತಲೇ ಇದ್ದ. "ನನ್ನ ಮೇಲೆ ಸಿಟ್ಟಿಲ್ವಾ ಸರ್?"

"ಇದೆ. ಆದ್ರೆ ಸಿಟ್ಟು ಮಾಡ್ಕೊಂಡು ಕೂರೋಕೆ ನನ್ನ ಹತ್ರ ಬೆಳಕು ಕಮ್ಮಿ ಇದೆ ಕಣಯ್ಯಾ. ಗುರುವಾರಕ್ಕೆ ನಾಕೇ ದಿನ. ಎಳೀ."

ಮಧ್ಯಾಹ್ನ ಒಂದೂವರೆಗೆ ಹಗ್ಗದ ತುದಿಯಲ್ಲಿ ಒಂದು ಕರಿ ಗಂಟು ಬಂತು. ಕಬ್ಬಿಣದ ಬಳೆ ಬಟ್ಟೆಯೊಳಗಿನಿಂದಲೇ ಅಯಸ್ಕಾಂತವನ್ನು ಕಚ್ಚಿ ಹಿಡಿದಿತ್ತು. ಹೆಂಡತಿಗೆಂದು ಹಿತ್ತಾಳೆ ಬಿಟ್ಟದ್ದೇ ಅದನ್ನು ಮುಳುಗಿಸಿತು, ಅದೇ ಎತ್ತಿಯೂ ಕೊಟ್ಟಿತು. ತ್ಯಾಗರಾಜರು ಕೈಗವಸು ಕಳಚಿ ನಾಲ್ಕು ಗಂಟುಗಳನ್ನೂ ತಾವೇ ಬಿಚ್ಚಿದರು. ಊದಿಕೊಂಡ ಎಳ್ಳು ಗಾಜಿಗೆ ಮೆತ್ತಿಕೊಂಡಿತ್ತು. ತೊಳೆದು, ಬಲಗಣ್ಣಿನ ಹತ್ತಿರ ಹಿಡಿದು, ಮೆಲ್ಲಗೆ ತಿರುಗಿಸಿದರು.

"ಅಂಚಲ್ಲಿ ಒಂದು ಗೀರು. ಪರವಾಗಿಲ್ಲ. ನಡುವೆ ತೂತಿರೋ ಕಾಗದದ ಬಿಲ್ಲೆ ಅಂಟಿಸಿ ಅಂಚು ಮುಚ್ಚೋಣ. ರಾಯರೂ ಅಂಚು ಮುಚ್ಚೇ ನೋಡ್ತಿದ್ರು."

ಗುರುವಾರ ದೇವರ ದಯೆಯಿಂದ ಆಕಾಶ ತೊಳೆದಿಟ್ಟ ಹಾಗಿತ್ತು. ನವೆಂಬರಿನ ಆ ನಾಡಿನಲ್ಲಿ ಐದಕ್ಕೇ ಕತ್ತಲು. ಆರೂವರೆಗೆ ಮನೆಯ ಹಿಂದಿನ ಹುಲ್ಲಿನ ಮೇಲೆ ಕಂಬ ನಿಂತಿತು. ಅರ್ಧ ಚಂದ್ರ ಬಲಕ್ಕಿದ್ದ, ಎಡಕ್ಕೆ ಹಳದಿಯಾಗಿ, ಮಿನುಗದೆ, ಶನಿ. ಸರಳಾ ಶಾಲು ಹೊದ್ದು ಬಂದರು. ಶ್ರೀಜಿತನ ಕಡೆ ನೋಡಲಿಲ್ಲ.

"ಮೊದಲು ನೀನು ನೋಡಿ ಹೊಂದಿಸಿ ಕೊಡು," ಎಂದರು ತ್ಯಾಗರಾಜರು. "ನನಗೆ ಹುಡುಕೋಕೆ ಆಗಲ್ಲ, ತುಂಬ ಚಿಕ್ಕ ಕಿಂಡಿ ಉಳಿದಿರೋದು."

ಶ್ರೀಜಿತ್ ದಾರ ಬಿಗಿದು ಕಣ್ಣಿಟ್ಟ. ಕತ್ತಲು ಅತ್ತಿತ್ತ ಜಾರಿತು. ನಡುಗುತ್ತಾ ಒಂದು ಗೋಳ ಒಳಗೆ ಬಂದು ನಿಂತಿತು. ತಿಳಿ ಹಳದಿ, ಗುಂಡಗೆ, ಬೋಳು.

ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಚಿತ್ರಗಳಲ್ಲಿ ಹುಟ್ಟಿದಾಗಿನಿಂದ ನೋಡಿದ ಆ ಬಳೆ ಎಲ್ಲಿ? ಕೋಪ ಬಂದರೆ ಬಳೆ ಕಳಚಿಟ್ಟು ಕೂರುತ್ತಾನೆ. ಯಾರು ಹೇಳಿದ್ದು? ಅವನೇ.

"ಸರ್," ಎಂದ.

"ಏನು?"

"ಇಲ್ಲ ಸರ್. ಎಂತದೂ ಇಲ್ಲ. ಬಳೆ ಇಲ್ಲ."

"ಸರಿಯಾಗಿ ನೋಡು."

"ನೋಡಿದೆ ಮಾರಾಯ್ರೆ! ಬೋಳು ಉಂಟು! ಗಾಜು ಹಾಳಾಯ್ತು, ನಾನೇ ಹಾಳು ಮಾಡಿದ್ದು. ಇಲ್ಲಾಂದ್ರೆ... ಅಯ್ಯೋ ದೇವರೇ, ನಾನು ಸುಮ್ನೆ ಬಾಯಿಗೆ ಬಂದದ್ದು ಹೇಳಿದ್ದು..."

ತ್ಯಾಗರಾಜರು ಚಿಕ್ಕ ಗಾಜನ್ನು ಅವನ ಕೈಯಿಂದ ತೆಗೆದುಕೊಂಡರು. ಕುರ್ಚಿಯಲ್ಲಿ ಕೂತು, ಮೊಣಕೈಯನ್ನು ಮಂಡಿಗೆ ಊರಿ, ಬಲಗಣ್ಣಿಗೆ ಹಿಡಿದರು. ಸರಳಾ ಹಿಂದೆ ನಿಂತು ಅವರ ತಲೆಯನ್ನು ಎರಡೂ ಕೈಯಿಂದ ಆಧರಿಸಿದರು, ಮಗುವಿನ ತಲೆ ಬಾಚುವಾಗ ಹಿಡಿಯುವ ಹಾಗೆ. ದಾರ ಒಮ್ಮೆ ಸಡಿಲವಾಯಿತು, ಮತ್ತೆ ಬಿಗಿಯಿತು. ದೂರದಲ್ಲಿ ಒಂದು ರೈಲು ಹೋಫ್‌ವೈಕ್ ದಾಟಿ ಹೋಯಿತು.

"ಇದೆ," ಎಂದರು ತ್ಯಾಗರಾಜರು.

"ಎಲ್ಲಿ ರೀ?"

"ಎಡಕ್ಕೆ. ಗೋಳದ ಹತ್ತರಷ್ಟು ದೂರ. ಸಾಸಿವೆಗಿಂತ ಚಿಕ್ಕದು. ಅದೇ ಸರಳಾ. ನಮ್ಮ ರಾಯರು ಕಂಡ ಚಂದ್ರ. ನನ್ನ ಗಾಜಲ್ಲಿ." ಗಾಜು ಹಿಡಿದ ಕೈ ಹಾಗೇ ಇತ್ತು; ಕುರುಡಾದ ಎಡಗಣ್ಣಿನಿಂದ ನೀರು ಇಳಿದು ಮಫ್ಲರಿಗೆ ಸೇರುತ್ತಿತ್ತು. ಸರಳಾ ಒರೆಸಲಿಲ್ಲ. ಕೈ ತೆಗೆದರೆ ಚಂದ್ರ ತಪ್ಪಿಹೋದೀತೆಂದು ಹಾಗೇ ನಿಂತಿದ್ದರು.

ಎಷ್ಟೋ ಹೊತ್ತಿನ ಮೇಲೆ ತ್ಯಾಗರಾಜರು ಗಾಜನ್ನು ಶ್ರೀಜಿತನಿಗೆ ಕೊಟ್ಟರು. ಅವನು ಗೋಳವನ್ನು ಬಿಟ್ಟು ಎಡಕ್ಕೆ ನೋಡಿದ. ಇತ್ತು. ಅಲ್ಲೇ, ಅಷ್ಟೇ ದೂರ.

"ಗಾಜು ಹಾಳಾಗಿಲ್ವಾ ಹಾಗಾದ್ರೆ?"

"ಗಾಜು ಚೆನ್ನಾಗಿದೆ. ಆ ಬಳೆ ಕಾಗದಕ್ಕಿಂತ ತೆಳ್ಳಗೆ ಕಣಯ್ಯಾ, ಅದರ ಅಗಲಕ್ಕೆ ಹೋಲಿಸಿದ್ರೆ. ಹದಿನೈದು ವರ್ಷಕ್ಕೊಂದ್ಸಲ ಅದರ ಅಂಚು ನಮ್ಮ ಕಡೆ ತಿರುಗುತ್ತೆ. ಆಗ ಇದ್ರೂ ಕಾಣಲ್ಲ. ಈ ವರ್ಷ ಹಾಗೆ. ರಾಯರು ಚಂದ್ರ ಕಂಡ ಕಾಲದಲ್ಲೂ ಹೆಚ್ಚುಕಮ್ಮಿ ಹಾಗೇ. ಬೇರೆಯೋರೆಲ್ಲ ಶನಿಗೆ ಕಿವಿ ಇದೆ, ಹಿಡಿ ಇದೆ, ಬರುತ್ತೆ ಹೋಗುತ್ತೆ ಅಂತ ತಲೆ ಕೆಡಿಸ್ಕೊಂಡಿದ್ರು. ಇವನು ಬಳೆ ಮರೆಯಾಗಿದ್ದ ಚಳಿಗಾಲದಲ್ಲಿ ಕೂತು, ಅಲ್ಲಿ ಬಳೆ ಇರಲೇಬೇಕು ಅಂದ. ಕಣ್ಣಿಗೆ ಕಾಣದೆ ಇದ್ದಾಗ್ಲೇ ಅದು ಅವನಿಗೆ ಕಂಡಿದ್ದು." ಮಫ್ಲರಿನ ತುದಿಯಿಂದ ಕೆನ್ನೆ ಒರೆಸಿಕೊಂಡು ಹೇಳಿದರು: "ಅದಕ್ಕೇ ನನಗೆ ಅವನು ಅಷ್ಟು ಇಷ್ಟ. ಮುಂದೆ ನನಗೂ ಬೇಕಾಗೋ ವಿದ್ಯೆ ಅದು."

ಶ್ರೀಜಿತ್ ಹುಲ್ಲಿನ ಮೇಲೆ ಕೂತ. "ಅಂದ್ರೆ ನಿಮಗೆ ಮೊದ್ಲೇ ಗೊತ್ತಿತ್ತು! ನನ್ನನ್ನ ಮೊದ್ಲು ನೋಡಿಸಿದ್ದು ಅದಕ್ಕೇನಾ? ಸರಳಕ್ಕ, ನಿಮಗೂ ಗೊತ್ತಿತ್ತಾ?"

ಸರಳಾ ಶನಿವಾರದಿಂದ ಅವನ ಜೊತೆ ಆಡದೆ ಉಳಿಸಿಕೊಂಡಿದ್ದ ಮಾತನ್ನು ಈಗ ತೆಗೆದರು. ಶಾಲು ಸರಿಮಾಡಿಕೊಂಡು ಎರಡು ಸಲ ಗಂಟಲು ಕೆರೆದರು. ಮೂಗು ಮೇಲೆತ್ತಿ ಒಂದು ಸೀನು ಸೀನಿದರು. ನಶ್ಯದ್ದೇ ಸೀನು, ಮೈಸೂರಿನ ಅಗ್ರಹಾರದಿಂದ ನೇರ ಇಳಿದಂಥದು. ನಲವತ್ತು ವರ್ಷ ಆ ದನಿಯನ್ನು ಕೇಳಿದವರು ಆಕೆ. ಇವನು ಕೇಳಿದ್ದು ಎರಡು ವರ್ಷ.

"ಹಾಂ... ಬ್ರಹ್ಮಚಾರಿಗಳೇ... ನೆಟ್ಟಗೆ ನೋಡಿದ್ರೋ? ದೋಷ ತಗುಲ್ತು. ಪರಿಹಾರ ಆಗ್ಬೇ‌ಕು. ಎಳ್ಳುಂಡೆ ನೀವೇ ಕಟ್ಟಬೇಕು, ಹನ್ನೊಂದಲ್ಲ, ನೂರ ಎಂಟು! ಮೂಡಣ ದಿಕ್ಕಲ್ಲಿರೋ ಮುದಿ ದಂಪತಿ ಮನೆಗೆ, ಪ್ರತಿ ಶನಿವಾರ, ಎರಡು ಚಕ್ರದ ವಾಹನದಲ್ಲಿ!"

ಮೊದಲು ನಕ್ಕವರು ತ್ಯಾಗರಾಜರು. ಆಮೇಲೆ ಶ್ರೀಜಿತ್, ತನ್ನದೇ ದನಿಯಲ್ಲಿ. ಆದರೆ ಆ ಎರಡನ್ನೂ ಮುಳುಗಿಸಿ, ಪಕ್ಕದ ಮನೆಯ ಮುದುಕರು ಕಿಟಕಿ ತೆರೆದು ಇಣುಕುವಷ್ಟು ಜೋರಾಗಿ, ಕಂಬಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕವರು ಸರಳಾ.